ತರಂಗಂಬಾಡಿಯಲ್ಲಿ ನಾಲ್ಕು ದಿನ, ಅಪ್ಪನ ಜೊತೆ

ಅಪ್ಪನಿಗೆ ಎಪ್ಪತ್ತು ತುಂಬಿತು. ಭೀಮರಥ ಶಾಂತಿಯನ್ನು ತಮಿಳುನಾಡಿನ ತಿರುಕ್ಕಡೈಯೂರಿನಲ್ಲೇ ಮಾಡಿಸಬೇಕು ಅಂತ ಅಮ್ಮನ ಹಟ. ನಾನು ಒಪ್ಪಿಕೊಂಡೆ. ಆದರೆ ಒಂದು ಮಾತು ಹೇಳಿದೆ: ಪೂಜೆ ಮುಗಿಸಿ ಅದೇ ಕಾಲಲ್ಲಿ ವಾಪಸ್ ಬರುವುದು ಬೇಡ, ಪಕ್ಕದ ತರಂಗಂಬಾಡಿಯಲ್ಲಿ ನಾಲ್ಕು ದಿನ ಇರೋಣ.

ಅದಕ್ಕೆ ಕಾರಣ ಅಪ್ಪನೇ. ಅವರು ಮೈಸೂರಿನ ಅಚ್ಚುಕೂಟವೊಂದರಲ್ಲಿ ಇಪ್ಪತ್ತೆರಡು ವರ್ಷ ಮೊಳೆ, ಅಂದರೆ ಅಚ್ಚು ಹಾಕುವ ಸೀಸದ ಅಕ್ಷರ, ಜೋಡಿಸಿದವರು. ನಾನು ಚಿಕ್ಕವಳಿದ್ದಾಗ ಅವರ ಬೆರಳ ತುದಿಯಲ್ಲಿ ಯಾವಾಗಲೂ ಸೀಸದ ಕಪ್ಪು ಇರುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕಂಪ್ಯೂಟರ್ ಬಂತು, ಮೊಳೆಗಳೆಲ್ಲ ತೂಕಕ್ಕೆ ಹೋದವು, ಅಪ್ಪ ಬೇರೆ ಕೆಲಸ ಹಿಡಿದರು. ಇನ್ನು ಈ ತರಂಗಂಬಾಡಿ, ಮುನ್ನೂರು ವರ್ಷದ ಹಿಂದೆ ತಮಿಳಿನ ಮೊಳೆ ಎರಕ ಹೊಯ್ದ ಊರು. ಅವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಬಹಳ ದಿನದಿಂದ ನನ್ನ ಮನಸ್ಸಿನಲ್ಲಿತ್ತು.

ಮೊದಲ ದಿನ, ಶುಕ್ರವಾರ

ಮೈಸೂರಿನಿಂದ ಹೋಗುವವರಿಗೆ ಒಂದು ಅನುಕೂಲ ಇದೆ. ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಮೈಲಾಡುತುರೈಯಲ್ಲಿ ಇಳಿಯಬಹುದು. ಬೆಳಕು ಹರಿಯುವ ಹೊತ್ತಿಗೆ ಕಿಟಕಿಯಾಚೆ ಬರೀ ಗದ್ದೆ, ಕಾಲುವೆ, ಬಾಳೆತೋಟ. ಅಮ್ಮ ಕಾಫಿ ಕುಡಿಯುತ್ತಾ, "ಇದೆಲ್ಲ ನಮ್ಮ ಕಾವೇರಿ ನೀರೇ ಅಲ್ವಾ" ಅಂದರು.

ಮೈಲಾಡುತುರೈಯಿಂದ ತರಂಗಂಬಾಡಿಗೆ ಸುಮಾರು 30 ಕಿಲೋಮೀಟರ್. ಬಸ್ಸು ಬೇಕಾದಷ್ಟಿದೆ. ನಾವು ಸಾಮಾನು ಇದ್ದುದರಿಂದ ಕಾರು ಮಾಡಿಕೊಂಡೆವು. ಹೋಗಿ ನೋಡಿದರೆ, ನಾವು ಬುಕ್ ಮಾಡಿದ್ದ ರೂಮನ್ನು ಬೇರೆಯವರಿಗೆ ಕೊಟ್ಟಿದ್ದರು. ಎರಡು ಗಂಟೆ ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಬೇರೆ ಕಡೆ ಜಾಗ ಸಿಕ್ಕಿತು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಊರು ತೀರಾ ಚಿಕ್ಕದು, ಉಳಿಯುವ ಜಾಗಗಳೂ ಕಡಿಮೆ.

ಊಟ ಮಾಡಿ, ಬಿಸಿಲು ಇಳಿದ ಮೇಲೆ ಹೊರಟೆವು. ಊರಿನ ಒಳಗೆ ಹೋಗುವುದು ಒಂದು ದೊಡ್ಡ ಬಿಳಿ ಹೆಬ್ಬಾಗಿಲಿನ ಮೂಲಕ. ಮೇಲೆ 1792 ಅಂತ ಇಸವಿ ಕೆತ್ತಿದ್ದಾರೆ, ಜೊತೆಗೆ ಡೆನ್ಮಾರ್ಕಿನ ರಾಜನ ಮುದ್ರೆ. ಅದನ್ನು ದಾಟಿದರೆ ಕಿಂಗ್ಸ್ ಸ್ಟ್ರೀಟ್ ನೇರವಾಗಿ ಸಮುದ್ರಕ್ಕೆ ಹೋಗುತ್ತದೆ. ಹತ್ತು ನಿಮಿಷದ ನಡಿಗೆ, ಅಷ್ಟೇ. ಆ ಹತ್ತು ನಿಮಿಷದಲ್ಲಿ ಎರಡು ಹಳೆಯ ಚರ್ಚು, ದಪ್ಪ ಕಂಬದ ಮನೆಗಳು, ಶಾಲೆ, ಕಾನ್ವೆಂಟು ಎಲ್ಲ ಸಿಗುತ್ತವೆ. ಗಾಡಿಗಳ ಗಲಾಟೆ ಇಲ್ಲ. ಅಮ್ಮ ನಡುರಸ್ತೆಯಲ್ಲೇ ಆರಾಮಾಗಿ ನಡೆದರು.

ಡೇನರು ಇಲ್ಲಿಗೆ ಬಂದದ್ದು 1620ರಲ್ಲಿ. ಮೆಣಸಿನ ವ್ಯಾಪಾರಕ್ಕೆ ಒಂದು ನೆಲೆ ಬೇಕಿತ್ತು. ಓವೆ ಗೆಡ್ಡೆ ಎಂಬ ಹಡಗುಪಡೆಯ ನಾಯಕ, ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ, ತಂಜಾವೂರಿನ ರಘುನಾಥ ನಾಯಕರ ಜೊತೆ ಒಪ್ಪಂದ ಮಾಡಿಕೊಂಡ. ಈ ನಾಯಕರು ವಿಜಯನಗರದ ಕಡೆಯಿಂದ ತಂಜಾವೂರು ಆಳಲು ಬಂದ ಮನೆತನದವರು. ಅವರು ಡೆನ್ಮಾರ್ಕಿನ ರಾಜನಿಗೆ ಚಿನ್ನದ ತಗಡಿನ ಮೇಲೆ ಬರೆಸಿ ಕಳಿಸಿದ ಪತ್ರ ಇವತ್ತಿಗೂ ಆ ದೇಶದಲ್ಲಿ ಜೋಪಾನವಾಗಿದೆ.

ಕೋಟೆಯ ಬಾಗಿಲಿಗೆ ಹೋದರೆ ಬೀಗ. ಶುಕ್ರವಾರ ರಜೆ. ಅಮ್ಮನಿಗೆ ಬೇಜಾರಾಯಿತು. ಆದರೆ ಎದುರಿಗೆ ಸಮುದ್ರ ಇತ್ತು. ಕೋಟೆಯ ಪಕ್ಕದ ಕಲ್ಲುಗಳ ಮೇಲೆ ಕತ್ತಲಾಗುವವರೆಗೂ ಕೂತೆವು. ತರಂಗಂಬಾಡಿ ಅಂದರೆ ಅಲೆಗಳು ಹಾಡುವ ಜಾಗ ಅಂತ ಅಲ್ಲಿಯವರು ಹೇಳುತ್ತಾರೆ. ಅವರ 'ಪಾಡು' ನಮ್ಮ 'ಹಾಡು' ತಾನೇ. 'ಪಾಡಿ' ಅಂದರೆ ಜನ ನೆಲೆಸಿದ ಜಾಗ ಅಂತಲೂ ಅರ್ಥ ಇದೆ. ನಮ್ಮ ಕೊಡಗು, ಎಚ್.ಡಿ. ಕೋಟೆ ಕಡೆಯ 'ಹಾಡಿ' ಇದ್ದ ಹಾಗೆ. ಅಲ್ಲಿ ಕೂತಾಗ ನನಗೆ ಮೊದಲನೇ ಅರ್ಥವೇ ಸರಿ ಅನ್ನಿಸಿತು. ಅಲೆ ಕಲ್ಲಿಗೆ ಬಡಿಯುವಾಗ ಒಂದು ಸದ್ದು. ಹಿಂದಕ್ಕೆ ಹೋಗುವಾಗ ಸಣ್ಣ ಕಲ್ಲುಗಳು ಉರುಳಿ ಇನ್ನೊಂದು ಸದ್ದು.

ಎರಡನೇ ದಿನ, ಶನಿವಾರ

ಬೆಳಿಗ್ಗೆ ಬೇಗ ಕೋಟೆಗೆ ಹೋದೆವು. ಇದರ ಹೆಸರು ಡಾನ್ಸ್‌ಬೋರ್ಗ್. ನಮ್ಮ ಚಿತ್ರದುರ್ಗದ ಕೋಟೆ ನೋಡಿದ ಕಣ್ಣಿಗೆ ಇದು ಬಹಳ ಚಿಕ್ಕದು, ಒಂದು ದೊಡ್ಡ ಮನೆಯ ಹಾಗೆ. ಕೆಳಗಿನ ಅಂತಸ್ತಿನಲ್ಲಿ ಕಮಾನು ಚಾವಣಿಯ ಕೋಣೆಗಳಿವೆ. ಸರಕು ಇಡುವ ಉಗ್ರಾಣ, ಸೆರೆಮನೆ ಎಲ್ಲ ಅಲ್ಲೇ ಇತ್ತು. ಮೇಲೆ ಗವರ್ನರ್ ಇರುತ್ತಿದ್ದ. ಈಗ ಮೇಲಿನ ಕೋಣೆಗಳಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಹಳೆಯ ನಾಣ್ಯಗಳು, ಪಿಂಗಾಣಿ ಚೂರುಗಳನ್ನೆಲ್ಲ ಇಟ್ಟಿದ್ದಾರೆ. ಮ್ಯೂಸಿಯಂಗೆ ಅರ್ಧ ಗಂಟೆ ಸಾಕು. ಮೇಲಿನ ಅಂಗಳದಲ್ಲಿ ನಿಂತು ಸಮುದ್ರ ನೋಡುವುದಕ್ಕೆ ಮಾತ್ರ ಹೊತ್ತು ಇಟ್ಟುಕೊಳ್ಳಿ.

ನಾನು ಅಪ್ಪನನ್ನು ಕೆಳಗಿನ ಕೋಣೆಗೆ ಕರೆದುಕೊಂಡು ಹೋಗಿ ಜೀಗನ್‌ಬಾಲ್ಗ್‌ನ ಕಥೆ ಹೇಳಿದೆ. ಬಾರ್ತೊಲೊಮೇಯುಸ್ ಜೀಗನ್‌ಬಾಲ್ಗ್ ಜರ್ಮನಿಯವನು. ಡೆನ್ಮಾರ್ಕಿನ ರಾಜ ನಾಲ್ಕನೇ ಫ್ರೆಡರಿಕ್ ಕಳಿಸಿದ ಪಾದ್ರಿ. 1706ರ ಜುಲೈ 9ರಂದು ಜೊತೆಗಾರ ಪ್ಲೂಟ್ಷೌ ಜೊತೆ ಇಲ್ಲಿ ಇಳಿದ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಕೋಟೆಯ ಅಧಿಕಾರಿಗೆ ಇವನು ಬಂದದ್ದೇ ಇಷ್ಟ ಇರಲಿಲ್ಲ. ಕೊನೆಗೆ ನಾಲ್ಕು ತಿಂಗಳು ಇದೇ ಕೋಟೆಯಲ್ಲಿ ಕೂಡಿಹಾಕಿದ. ಅಪ್ಪ ಗೋಡೆಯ ಮೇಲೆ ಕೈಯಿಟ್ಟು ಕೇಳುತ್ತಾ ನಿಂತಿದ್ದರು.

ಅವನು ತಮಿಳು ಕಲಿತ ರೀತಿ ಕೇಳಿ. ಊರಿನ ಜಗಲಿ ಶಾಲೆಯಲ್ಲಿ ಸಣ್ಣ ಮಕ್ಕಳ ಪಕ್ಕ ನೆಲದ ಮೇಲೆ ಕೂತ. ಮಕ್ಕಳ ಹಾಗೆಯೇ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ. ಅಪ್ಪನಿಗೆ ಇದು ಬಹಳ ಹಿಡಿಸಿತು. ಅವರೂ ಊರಲ್ಲಿ ಮರಳಿನ ಮೇಲೇ ಅ ಆ ಇ ಈ ತಿದ್ದಿದವರು.

ಅಲ್ಲಿಂದ ಕಿಂಗ್ಸ್ ಸ್ಟ್ರೀಟಿಗೆ ವಾಪಸ್ ಬಂದು ನ್ಯೂ ಜೆರುಸಲೇಂ ಚರ್ಚಿಗೆ ಹೋದೆವು. 1718ರಲ್ಲಿ ಕಟ್ಟಿದ್ದು. ಇದಕ್ಕಿಂತ ಮೊದಲು 1707ರಲ್ಲಿ ಕಟ್ಟಿದ್ದ ಚರ್ಚನ್ನು ಸಮುದ್ರ ನುಂಗಿತು. ಮುಂದಿನ ವರ್ಷವೇ, 1719ರಲ್ಲಿ, ಜೀಗನ್‌ಬಾಲ್ಗ್ ತೀರಿಕೊಂಡ. ಮೂವತ್ತಾರು ವರ್ಷ ಅಷ್ಟೇ. ಅವನ ಸಮಾಧಿ ಚರ್ಚಿನ ಒಳಗೇ ಇದೆ. ಒಳಗೆ ತಂಪು, ಮರದ ಬೆಂಚುಗಳು, ಗಾರೆ ಗೋಡೆ. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು ಸಮಾಧಿಯ ಮುಂದೆ ಕೈಮುಗಿದರು.

ಅಲ್ಲೇ ಬೆಂಚಿನ ಮೇಲೆ ಕೂತು ಮೊಳೆಗಳ ವಿಷಯ ಹೇಳಿದೆ. ತಮಿಳಿನಲ್ಲಿ ಅಚ್ಚು ಮೊದಲಾದದ್ದು ಇಲ್ಲಿ ಅಲ್ಲ. 1578ರಲ್ಲೇ ಕೊಲ್ಲಂನಲ್ಲಿ ಪೋರ್ಚುಗೀಸ್ ಪಾದ್ರಿಗಳು ತಮಿಳು ಪುಸ್ತಕ ಅಚ್ಚು ಹಾಕಿದ್ದರು. ಆದರೆ ಆ ಕೆಲಸ ನಿಂತೇಹೋಗಿತ್ತು. ಜೀಗನ್‌ಬಾಲ್ಗ್ ಕೇಳಿಕೊಂಡ ಮೇಲೆ ಲಂಡನ್ನಿನಿಂದ ಅಚ್ಚಿನ ಯಂತ್ರ ಬಂತು. ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಹೊಯ್ದ ತಮಿಳು ಮೊಳೆಗಳು 1713ರಲ್ಲಿ ಬಂದವು. ಬಿಚ್ಚಿ ನೋಡಿದರೆ ಅಕ್ಷರಗಳು ತೀರಾ ದಪ್ಪ.

ಅಪ್ಪ ತಕ್ಷಣ ಹಿಡಿದುಕೊಂಡರು. "ದಪ್ಪ ಮೊಳೆ ಅಂದರೆ ಸಾಲಿಗೆ ನಾಲ್ಕು ಪದ ಕೂರಲ್ಲಮ್ಮ. ಪೇಜು ಜಾಸ್ತಿ ಆಗತ್ತೆ, ಕಾಗದ ಜಾಸ್ತಿ ಬೇಕು. ಆ ಕಾಲದಲ್ಲಿ ಕಾಗದ ಎಲ್ಲಿಂದ ತರೋದು?"

ನಿಜವಾಗಿ ಆದದ್ದೂ ಅದೇ. ಅಷ್ಟು ಕಾಗದ ಇರಲಿಲ್ಲ. ಹಾಗಾಗಿ ಇದೇ ಊರಿನಲ್ಲಿ ಸೀಸ ಕರಗಿಸಿ ಸಣ್ಣ ಮೊಳೆ ಹೊಯ್ದರು. ಪಕ್ಕದ ಪೊರೈಯಾರಿನಲ್ಲಿ ಕಾಗದದ ಗಿರಣಿಯನ್ನೂ ಶುರು ಮಾಡಿದರು. 1715ರಲ್ಲಿ ತಮಿಳಿನ ಹೊಸ ಒಡಂಬಡಿಕೆ, ಅಂದರೆ ಬೈಬಲಿನ ಎರಡನೇ ಭಾಗ, ಅಚ್ಚಾಗಿ ಮುಗಿಯಿತು. ಭಾರತದ ಭಾಷೆಯೊಂದರಲ್ಲಿ ಇಡಿಯಾಗಿ ಅಚ್ಚಾದ ಮೊದಲ ಹೊಸ ಒಡಂಬಡಿಕೆ ಅದು.

ಅಪ್ಪ ಎಡಗೈಯನ್ನು ಅರ್ಧ ಮಡಚಿ ಮುಂದೆ ಹಿಡಿದರು, ಕೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ ಇರುವ ಹಾಗೆ. ಬಲಗೈ ಬೆರಳು ಗಾಳಿಯಲ್ಲಿ ಮೊಳೆ ಎತ್ತಿ ಎತ್ತಿ ಇಟ್ಟವು. ಕೆಲಸ ಬಿಟ್ಟು ಇಷ್ಟು ವರ್ಷ ಆಯಿತು, ಆ ಕೈ ಇನ್ನೂ ಮರೆತಿಲ್ಲ. "ತಮಿಳಿನಲ್ಲಿ ನಮ್ಮ ಹಾಗೆ ಒತ್ತಕ್ಷರ ಇಲ್ಲ. ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಮೊಳೆ ಇಡುವ ಕೇಸಿನಲ್ಲಿ ಖಾನೆಗಳೇ ಕಡಿಮೆ ಇದ್ದಿರಬೇಕು. ನಮಗೆ ಒತ್ತಿನ ಮೊಳೆ ಬೇರೆ, ಗುಣಿತದ ಮೊಳೆ ಬೇರೆ. ಹೊಸದಾಗಿ ಸೇರಿದ ಹುಡುಗರಿಗೆ ಖಾನೆ ಕಲಿಯೋದಕ್ಕೇ ತಿಂಗಳುಗಟ್ಟಲೆ ಬೇಕಿತ್ತು" ಅಂದರು.

ಕನ್ನಡಕ್ಕೂ ಡೇನರಿಗೂ ಒಂದು ನಂಟಿದೆ ಅಂತ ಹೇಳಿದಾಗ ಅವರ ಮುಖ ಅರಳಿತು. ಬಂಗಾಳದ ಸೇರಾಂಪುರವೂ ಆಗ ಡೇನರ ಊರೇ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿ. 1845ರಲ್ಲಿ ತರಂಗಂಬಾಡಿ, ಸೇರಾಂಪುರ ಎರಡನ್ನೂ ಸೇರಿಸಿ ಡೇನರು ಬ್ರಿಟಿಷರಿಗೆ ಮಾರಿದರು. ಬೆಲೆ ಹನ್ನೆರಡೂವರೆ ಲಕ್ಷ ರೂಪಾಯಿ.

ಇನ್ನೊಂದು ನಂಟು ನಮ್ಮ ಮನೆಗೇ ಹತ್ತಿರದ್ದು. ಅಮ್ಮನ ತವರು ಶ್ರೀರಂಗಪಟ್ಟಣ. ತರಂಗಂಬಾಡಿಗೆ 1750ರಲ್ಲಿ ಬಂದ ಶ್ವಾರ್ಟ್ಜ್ ಎಂಬ ಪಾದ್ರಿ 1779ರಲ್ಲಿ ಬ್ರಿಟಿಷರ ಪರವಾಗಿ ಮಾತುಕತೆಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರಾಲಿಯನ್ನು ಕಂಡಿದ್ದ. ಅಮ್ಮ, "ನಮ್ಮೂರಿಗೆ ಇಲ್ಲಿಂದ ಆಗಲೇ ದಾರಿ ಇತ್ತು ಅನ್ನು" ಅಂದರು.

ಎದುರಿನ ಜಿಯೋನ್ ಚರ್ಚು 1701ರದ್ದು, ಇನ್ನೂ ಹಳೆಯದು. ಜೀಗನ್‌ಬಾಲ್ಗ್ ಇದ್ದ ಮನೆಯನ್ನು ಸರಿಪಡಿಸಿ ಮ್ಯೂಸಿಯಂ ಮಾಡಿದ್ದಾರೆ. ಪುಸ್ತಕ, ಭಾಷೆ ಇಷ್ಟ ಇರುವವರು ಕೋಟೆ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಸಂಜೆ ಮತ್ತೆ ಸಮುದ್ರ. ಬಲೆ ಬಿಡಿಸುತ್ತಿದ್ದ ಅಜ್ಜನ ಪಕ್ಕ ಎಂಟು ಒಂಬತ್ತು ವರ್ಷದ ಹುಡುಗಿ ಆಡುತ್ತಿದ್ದಳು. ಅಪ್ಪನಿಗೆ ಏನನ್ನಿಸಿತೋ, ಹತ್ತಿರ ಹೋಗಿ ಕೂತು, ಕೈಸನ್ನೆಯಲ್ಲೇ ಅಕ್ಷರ ಬರೆದು ತೋರಿಸು ಅಂದರು. ಅವಳು ಚಿಪ್ಪಿನ ಚೂರು ಹಿಡಿದು ಹಸಿ ಮರಳಿನ ಮೇಲೆ ಒಂದೊಂದೇ ಬರೆದಳು. ಅಪ್ಪ ಅದರ ಪಕ್ಕ ಬೆರಳಿನಲ್ಲಿ ತಿದ್ದಿದರು. ಅವಳು ತಲೆಯಾಡಿಸಿ, ಅಳಿಸಿ, ಮತ್ತೆ ಬರೆಸಿದಳು. ಸ್ವಲ್ಪ ಹೊತ್ತಾದ ಮೇಲೆ ಆಕಾಶ ತೋರಿಸಿ ಒಂದು ಪದ ಬರೆದಳು. ಅಪ್ಪ "ಮಳೈ" ಅಂದರು. ಅವಳು ನಕ್ಕು, "ಇಲ್ಲೆ ತಾತಾ" ಅಂತ ನಾಲಿಗೆಯನ್ನು ಹಿಂದಕ್ಕೆ ಮಡಚಿ ತೋರಿಸಿದಳು. "ಮೞೈ."

ಅಪ್ಪ ಎರಡು ಮೂರು ಸಲ ಹೇಳಿನೋಡಿದರು. ನಾಲ್ಕನೇ ಸಲ ಸರಿಯಾಗಿ ಬಂತು. ಆಮೇಲೆ ನನ್ನ ಕಡೆ ತಿರುಗಿದರು. "ಮೞೆ. ಹಳಗನ್ನಡ ಪುಸ್ತಕ ಕಂಪೋಸ್ ಮಾಡುವಾಗ ಈ ೞ ಮೊಳೆ ಬೇಕಾಗುತ್ತಿತ್ತು. ಮೂಲೆಯ ಖಾನೆಯಲ್ಲಿ ಇರುತ್ತಿತ್ತು. ಸಾವಿರಾರು ಸಲ ಎತ್ತಿ ಇಟ್ಟಿದ್ದೀನಿ. ಅದರ ಸದ್ದು ಹೇಗಿರತ್ತೆ ಅಂತ ಇವತ್ತೇ ಕೇಳಿದ್ದು" ಅಂದರು.

ಕನ್ನಡದ ಬಾಯಿಂದ ಆ ಅಕ್ಷರ ಹೋಗಿ ಎಷ್ಟೋ ಶತಮಾನವಾಗಿದೆ. ಅಪ್ಪನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ.

ಮೂರನೇ ದಿನ, ಭಾನುವಾರ

ತಿರುಕ್ಕಡೈಯೂರು ಇಲ್ಲಿಂದ ಎಂಟು ಕಿಲೋಮೀಟರ್ ಒಳಗೇ. ಬೆಳಗಿನ ಜಾವವೇ ಹೋದೆವು. ಯಮನ ಪಾಶ ಮಾರ್ಕಂಡೇಯನ ಜೊತೆ ಲಿಂಗದ ಮೇಲೂ ಬಿದ್ದಾಗ ಶಿವ ಎದ್ದು ಬಂದು ಯಮನನ್ನು ಒದ್ದ ಜಾಗ ಇದೇ ಅಂತ ನಂಬಿಕೆ. ಅದಕ್ಕೇ ಅರವತ್ತು, ಎಪ್ಪತ್ತು, ಎಂಬತ್ತರ ಶಾಂತಿ ಮಾಡಿಸಲು ಎಲ್ಲಿಂದಲೋ ಜನ ಬರುತ್ತಾರೆ. ಪ್ರಾಕಾರದ ಉದ್ದಕ್ಕೂ ಕಲಶಗಳ ಸಾಲು, ಹಾರ ಹಾಕಿಕೊಂಡು ಕೂತ ವಯಸ್ಸಾದ ದಂಪತಿಗಳು, ಸುತ್ತ ಮಕ್ಕಳು ಮೊಮ್ಮಕ್ಕಳು. ಕನ್ನಡ ಮಾತೂ ಎರಡು ಮೂರು ಕಡೆ ಕಿವಿಗೆ ಬಿತ್ತು. ಅಮ್ಮ ಹೊಸ ಸೀರೆಯಲ್ಲಿ ತಲೆ ಬಗ್ಗಿಸಿ ಕೂತಿದ್ದರು. ಅಪ್ಪ ತಾಳಿ ಕಟ್ಟುವಾಗ ಅವರ ಕೈ ನಡುಗಿತು. ಗಂಟು ಹಾಕಲು ನಾನು ಸಹಾಯ ಮಾಡಿದೆ. ಅಪ್ಪ ಅಮ್ಮನ ಮದುವೆ ನೋಡುವ ಭಾಗ್ಯ ಇದು.

ಊಟ ಮುಗಿಸಿ ಸಂಜೆ ಪೂಂಪುಹಾರಿಗೆ ಹೋದೆವು. ತರಂಗಂಬಾಡಿಯಿಂದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಚೋಳರ ಹಳೆಯ ಬಂದರು ಕಾವೇರಿಪೂಂಪಟ್ಟಿನಂ ಇದೇ. ತಮಿಳಿನ ಸಿಲಪ್ಪದಿಕಾರಂ ಕಾವ್ಯದ ಕಣ್ಣಗಿ, ಕೋವಲನ್ ಹುಟ್ಟಿ ಬೆಳೆದ ಊರು. ಹಳೆಯ ಪಟ್ಟಣದ ಬಹುಪಾಲನ್ನು ಸಮುದ್ರ ನುಂಗಿದೆ. ನಮ್ಮವರು ಇಲ್ಲಿಗೆ ಬರಬೇಕಾದ್ದು ಬೇರೆ ಕಾರಣಕ್ಕೆ. ಕಾವೇರಿ ಸಮುದ್ರ ಸೇರುವುದು ಇಲ್ಲಿ. ತಲಕಾವೇರಿಯಿಂದ ಸುಮಾರು 800 ಕಿಲೋಮೀಟರ್ ನಡೆದು ಬಂದವಳು. ದಾರಿಯಲ್ಲಿ ಎಷ್ಟೋ ಕಾಲುವೆ, ಕವಲುಗಳಿಗೆ ಹಂಚಿಹಂಚಿ ಕೊನೆಗೆ ಉಳಿದದ್ದು ಒಂದು ಸಣ್ಣ ಹರಿವು. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಬೆಳೆದ ಅಮ್ಮನಿಗೆ ಅದನ್ನು ನೋಡಿ ಸಂಕಟವಾಯಿತು. "ಇಷ್ಟೇನಾ" ಅಂದರು. ಆಮೇಲೆ ದಾರಿಯುದ್ದಕ್ಕೂ ನೋಡಿದ ಗದ್ದೆಗಳ ನೆನಪಾಗಿ, "ಎಲ್ಲರಿಗೂ ಉಣ್ಣಿಸಿ ಬಂದಿದ್ದಾಳೆ, ಪಾಪ" ಅಂತ ನೀರನ್ನು ತಲೆಗೆ ಚಿಮುಕಿಸಿಕೊಂಡರು.

ನಾಲ್ಕನೇ ದಿನ, ಸೋಮವಾರ

ಮಾಸಿಲಾಮಣಿನಾಥರ್ ದೇವಸ್ಥಾನವನ್ನು ಕೊನೆಯ ಬೆಳಿಗ್ಗೆಗೆ ಇಟ್ಟುಕೊಂಡಿದ್ದೆವು. ಕೋಟೆಯ ಹತ್ತಿರ, ಸಮುದ್ರದ ಅಂಚಿನಲ್ಲೇ ಇದೆ. ಪಾಂಡ್ಯ ರಾಜ ಮಾರವರ್ಮನ್ ಕುಲಶೇಖರ 1306ರಲ್ಲಿ ಕೊಟ್ಟ ಜಾಗದಲ್ಲಿ ಕಟ್ಟಿದ್ದು, ಅಂದರೆ ಡೇನರು ಬರುವುದಕ್ಕೆ ಮುನ್ನೂರು ವರ್ಷಕ್ಕೂ ಮೊದಲು. ಅಲ್ಲಿನ ಶಾಸನದಲ್ಲಿ ಊರಿನ ಹೆಸರು ಸಡಂಗನ್‌ಪಾಡಿ ಅಂತಿದೆ. ದೇವಸ್ಥಾನದ ಮುಂಭಾಗವನ್ನು ಸಮುದ್ರ ತೆಗೆದುಕೊಂಡಿತು. ಉಳಿದದ್ದನ್ನು ಕಾಪಾಡಲು ದೊಡ್ಡ ದೊಡ್ಡ ಕಲ್ಲುಗಳನ್ನು ಸುರಿದಿದ್ದಾರೆ.

2004ರ ಡಿಸೆಂಬರ್ 26ರ ಸುನಾಮಿ ಈ ಊರನ್ನು ಬಹಳ ಹೊಡೆದಿತ್ತು. ಅದೂ ಭಾನುವಾರ ಬೆಳಿಗ್ಗೆ. ಟೀ ಅಂಗಡಿಯ ಅಕ್ಕ ಯಾವುದೇ ಮಾತನ್ನೂ "ಸುನಾಮಿಗೆ ಮುಂಚೆ", "ಸುನಾಮಿ ಆದಮೇಲೆ" ಅಂತಲೇ ಹೇಳುತ್ತಿದ್ದರು. ಅವರ ತಂಗಿ ಹೋದದ್ದು ಆ ದಿನ. ಇದನ್ನು ಹೇಳುವಾಗಲೂ ಟೀ ಸೋಸುವ ಕೈ ನಿಲ್ಲಲಿಲ್ಲ. ದುಡ್ಡು ಕೊಡಲು ಹೋದರೆ ಅಪ್ಪನ ಟೀಗೆ ತೆಗೆದುಕೊಳ್ಳಲಿಲ್ಲ. ನಿನ್ನೆ ಶಾಂತಿ ಮಾಡಿಸಿಕೊಂಡು ಬಂದವರು, ಆಶೀರ್ವಾದ ಮಾಡಿ ಅಂದರು.

ಹೋಗುವವರಿಗೆ ಒಂದೆರಡು ಮಾತು. ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್ ಮೇ ತಿಂಗಳ ಬಿಸಿಲು ಕಷ್ಟ. ಅಲೆ ಜೋರು, ಕಲ್ಲುಗಳು ಪಾಚಿಗಟ್ಟಿವೆ, ಮಕ್ಕಳನ್ನು ನೀರಿಗೆ ಬಿಡಬೇಡಿ. ಅರ್ಧ ದಿನದಲ್ಲಿ ಊರೆಲ್ಲ ಮುಗಿಯುತ್ತದೆ ಅಂತ ಕಾರಿನವರು ಹೇಳುತ್ತಾರೆ. ಕೇಳಬೇಡಿ. ಒಂದು ರಾತ್ರಿಯಾದರೂ ಉಳಿಯಿರಿ.

ಸಂಜೆ ಮೈಲಾಡುತುರೈಯಲ್ಲಿ ರೈಲು ಹತ್ತಿದೆವು. ಅಪ್ಪ ಕಿಟಕಿ ಪಕ್ಕ ಕೂತರು. ಕುತ್ತಾಲಂನಲ್ಲಿ ನಿಂತಾಗ ಬೋರ್ಡಿನ ಮೇಲಿನ ತಮಿಳು ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮುಂದೆ ಆಡುತುರೈ ಬಂತು. ಬೆಳಕು ಕಡಿಮೆಯಾಗಿತ್ತು. ಅಪ್ಪ ಕನ್ನಡಕ ಒರೆಸಿಕೊಂಡು, ಕಂಬಿಗೆ ಹಣೆ ತಾಗಿಸಿ ನೋಡಿದರು.

"ಇಲ್ಲಿ ನೋಡಮ್ಮ, ಇದು ನಮ್ಮ ಸಾದಾ ರ ಅಲ್ಲ. ಅವರದ್ದು ಬೇರೆ ಅಕ್ಷರ. ನಮ್ಮ ಕೇಸಿನಲ್ಲಿ ೞ ಪಕ್ಕ ಇರುತ್ತಿತ್ತಲ್ಲ, ಆ ಶಕಟರೇಫ. ತುಱೈ. ನಮ್ಮ ತೊರೆ ಇದ್ದ ಹಾಗೇ ಇದೆ, ಅಲ್ವಾ? ಹಳಗನ್ನಡದಲ್ಲಿ ತೊಱೆ ಅಂತಲೇ ಕಂಪೋಸ್ ಮಾಡ್ತಿದ್ದೆ."

ರೈಲು ಹೊರಟಿತು. ಮುಂದಿನ ಸ್ಟೇಷನ್ ಎಷ್ಟು ಹೊತ್ತಿಗೆ ಅಂತ ಅಪ್ಪ ಕೇಳಿದರು.